ನಮ್ಮ ಊರಿನ ಬೀದಿಗೆ ಎಳೆದ ಗೆರೆ

ಓಹಾಯೋ ರಾಜ್ಯದ ರಾಜಧಾನಿ ಕೊಲಂಬಸ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿಯಲ್ಲಿರುವ ಒಂದು ಸಣ್ಣ ಊರಿನಲ್ಲಿ ನಾನು ಹನ್ನೊಂದು ವರ್ಷಗಳಿಂದ ವಾಸವಾಗಿದ್ದೇನೆ. ಇಲ್ಲಿಯ ಸ್ಥಳೀಯ ಪತ್ರಿಕೆಯ ಕೊನೆಯ ಪುಟದಲ್ಲಿ, ರಸ್ತೆ ಡಾಂಬರಿನ ಟೆಂಡರಿಗೂ ಮನೆಯೊಂದರ ಹರಾಜಿನ ಪ್ರಕಟಣೆಗೂ ನಡುವೆ, ಎರಡು ವಾರ ಒಂದೇ ಜಾಗದಲ್ಲಿ ಸಣ್ಣ ಅಕ್ಷರಗಳ ಒಂದು ಪ್ರಕಟಣೆ ಬಂತು. ಊರಿನ ಮುಖ್ಯ ಬೀದಿಯ ಸುಮಾರು ಇಪ್ಪತ್ತು ಎಕರೆ ಪ್ರದೇಶವನ್ನು ‘ಡೆಸಿಗ್ನೇಟೆಡ್ ಔಟ್‌ಡೋರ್ ರಿಫ್ರೆಶ್‌ಮೆಂಟ್ ಏರಿಯಾ’ ಎಂದು ಗುರುತಿಸುವ ಅರ್ಜಿ ಸಲ್ಲಿಕೆಯಾಗಿದೆ, ಅದರ ಮೇಲೆ ಸಿಟಿ ಕೌನ್ಸಿಲ್ ಮತ ಹಾಕಲಿದೆ, ನಕ್ಷೆಯನ್ನು ನೋಡಬಯಸುವವರು ಕಚೇರಿಗೆ ಬರಬಹುದು ಎಂಬುದು ಅದರ ಸಾರ. ಹೆಸರನ್ನು ಓದಿದಾಗ ನನಗೆ ಹೊಳೆದದ್ದು ಬೇಸಿಗೆಯ ಮದುವೆಮನೆಯ ಬಾಗಿಲಲ್ಲಿ ಕೊಡುವ ಪಾನಕ. ಇದು ಬಿಯರು, ವೈನು, ಕಾಕ್‌ಟೇಲುಗಳನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಓಡಾಡುತ್ತಾ ಕುಡಿಯಲು ಅನುಮತಿಸುವ ಪ್ರದೇಶವೆಂದು ಪ್ರಕಟಣೆಯನ್ನು ಎರಡನೆಯ ಸಲ ಓದಿದ ಮೇಲೆಯೇ ತಿಳಿದದ್ದು. ಇಲ್ಲಿಯವರು ಇದನ್ನು ಅಕ್ಷರಗಳನ್ನು ಕೂಡಿಸಿ ‘ಡೋರಾ’ ಎನ್ನುತ್ತಾರೆ.

ಓಹಾಯೋದಲ್ಲಿ ಮುಚ್ಚಳ ತೆಗೆದ ಮದ್ಯದ ಬಾಟಲಿಯನ್ನೋ ಲೋಟವನ್ನೋ ಸಾರ್ವಜನಿಕ ಸ್ಥಳದಲ್ಲಿ ಹಿಡಿದುಕೊಂಡಿರುವುದು ಅಪರಾಧ. ಈ ನಿಯಮಕ್ಕೆ ವಿನಾಯಿತಿಯಾಗಿ ರಾಜ್ಯದ ಶಾಸನಸಭೆ 2015ರಲ್ಲಿ ಒಂದು ಕಾನೂನನ್ನು ತಂದಿತು. ಆ ವರ್ಷದ ಜುಲೈ ತಿಂಗಳಲ್ಲಿ ಸಿನ್ಸಿನಾಟಿ ನಗರದಲ್ಲಿ ಬೇಸ್‌ಬಾಲ್‌ನ ಆಲ್‌ಸ್ಟಾರ್ ಪಂದ್ಯ ನಡೆಯಲಿತ್ತು. ಹೊರಗಿನಿಂದ ಬರುವ ಸಾವಿರಾರು ಜನ ಕ್ರೀಡಾಂಗಣದ ಸುತ್ತಲಿನ ಬೀದಿಗಳಲ್ಲಿ ಲೋಟ ಹಿಡಿದು ಅಡ್ಡಾಡಲು ಅನುಕೂಲವಾಗಲೆಂಬ ಅವಸರವೂ ಅದರ ಹಿಂದಿತ್ತು. ಅಂದಿನ ಗವರ್ನರ್ ಜಾನ್ ಕೇಸಿಕ್ ಅವರು ಏಪ್ರಿಲ್ ಕೊನೆಯಲ್ಲಿ ಸಹಿ ಹಾಕಿದರು. ನ್ಯೂ ಆರ್ಲಿಯನ್ಸ್‌ನ ಬರ್ಬನ್ ಸ್ಟ್ರೀಟ್, ಮೆಂಫಿಸ್‌ನ ಬೀಲ್ ಸ್ಟ್ರೀಟ್, ಸವಾನಾದ ಹಳೆಯ ಪೇಟೆಗಳಿಗೆ ಈ ಪದ್ಧತಿ ಹೊಸದಲ್ಲ. ಆದರೆ ಕೊರೋನಾ ಕಾಲದಲ್ಲಿ ಹೋಟೆಲುಗಳ ಒಳಗೆ ಕೂರುವುದು ನಿಂತ ಮೇಲೆ ಮಿಶಿಗನ್ 2020ರಲ್ಲಿಯೂ ಉತ್ತರ ಕೆರೊಲಿನಾ 2021ರಲ್ಲಿಯೂ ‘ಸೋಶಿಯಲ್ ಡಿಸ್ಟ್ರಿಕ್ಟ್’ ಎಂಬ ಹೆಸರಿನಲ್ಲಿ ಇಂಥದೇ ಕಾನೂನುಗಳನ್ನು ಮಾಡಿದವು. ಓಹಾಯೋದಲ್ಲಿ ಈಗ ಇಂತಹ ಪ್ರದೇಶಗಳ ಸಂಖ್ಯೆ ನೂರನ್ನು ಮೀರಿದೆ. ನಮ್ಮ ಊರು ಮೊದಲಿನದಲ್ಲ, ಕೊನೆಯದೂ ಆಗಲಾರದು.

ಅವ್ವನಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ. ಅವಳು ಹಿರಿಯೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿಯೇ ಇದ್ದಾಳೆ.

“ಅಲ್ಲವ್ವ, ಬೀದೀಲಿ ಕುಡಿಯೋಕೆ ಓಟು ಹಾಕ್ತಾರಾ?” ಎಂದಳು.

“ಬೇಕೋ ಬೇಡವೋ ಅಂತ ಓಟು ಹಾಕ್ತಾರೆ ಅವ್ವ. ಏಳು ಜನ ಮೆಂಬರುಗಳು.”

“ಮತ್ತೆ ಊರೋರ್ನ ಯಾರು ಕೇಳ್ತಾರೆ?”

ಅವ್ವನ ಈ ಪ್ರಶ್ನೆಯೇ ಮುಂದಿನ ಎರಡು ತಿಂಗಳು ನನ್ನ ತಲೆಯಲ್ಲಿ ಉಳಿಯಿತು. ಅವಳಿಗೆ ಈ ಪ್ರಶ್ನೆ ಎಲ್ಲಿಂದ ಬರುತ್ತದೆಂಬುದು ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಊರಿನ ಸಾರಾಯಿ ಅಂಗಡಿ ಶಾಲೆಗೆ ಹೋಗುವ ದಾರಿಯಲ್ಲಿತ್ತು. ಹರಿದ ಪ್ಯಾಕೆಟ್ಟುಗಳನ್ನು ತುಳಿದುಕೊಂಡೇ ನಾವು ಶಾಲೆ ಸೇರುತ್ತಿದ್ದೆವು. ಅಲ್ಲಿ ಅಂಗಡಿ ಇರಲೆಂದು ಊರಿನವರು ಯಾರೂ ಕೈ ಎತ್ತಿರಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗಲೂ ಊರಿನವರನ್ನು ಕೇಳಲಿಲ್ಲ, ಅದರ ಜಾಗಕ್ಕೆ ಟೆಟ್ರಾ ಪ್ಯಾಕಿನ ಮದ್ಯ ಬಂದು ಕಿರಾಣಿ ಅಂಗಡಿಗಳಲ್ಲಿ ಗುಟ್ಟಾಗಿ ಮಾರಾಟವಾಗತೊಡಗಿದಾಗಲೂ ಕೇಳಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಪಾದಯಾತ್ರೆ ಹೊರಟಾಗ ಅವ್ವ ಹೆದ್ದಾರಿಯ ಪಕ್ಕದಲ್ಲಿ ನಿಂತು ಅವರಿಗೆ ಮಜ್ಜಿಗೆ ಕೊಟ್ಟಳು. ಅವರಲ್ಲಿ ಎಷ್ಟೋ ಜನರ ಕಾಲಲ್ಲಿ ಹವಾಯಿ ಚಪ್ಪಲಿ ಬಿಟ್ಟರೆ ಬೇರೇನೂ ಇರಲಿಲ್ಲವೆಂದು ಅವಳು ಇಂದಿಗೂ ಹೇಳುತ್ತಾಳೆ. ನೆರೆಯ ಮಹಾರಾಷ್ಟ್ರದಲ್ಲಿ ಹೆಂಗಸರು ತಮ್ಮ ಊರಿನ ಮದ್ಯದ ಅಂಗಡಿಯ ಮೇಲೆ ಮತ ಹಾಕುವ ವ್ಯವಸ್ಥೆಯಿದೆ. ಮತಪತ್ರದಲ್ಲಿ ನಿಂತ ಬಾಟಲಿಯ ಚಿತ್ರವೊಂದು, ಮಲಗಿದ ಬಾಟಲಿಯ ಚಿತ್ರವೊಂದು ಇರುತ್ತವೆ. ಊರಿನ ಮಹಿಳಾ ಮತದಾರರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಮುಚ್ಚಬೇಕು. ಮತ ಹಾಕಲು ಬಂದವರಲ್ಲಿ ಅರ್ಧವಲ್ಲ, ಪಟ್ಟಿಯಲ್ಲಿರುವ ಎಲ್ಲರಲ್ಲಿ ಅರ್ಧ. ಅಷ್ಟು ಕಠಿಣವಾದ ಷರತ್ತಿದ್ದರೂ ಅಲ್ಲಿ ಕೇಳುವುದಂತೂ ಕೇಳುತ್ತಾರೆ.

ಇಲ್ಲಿಯೂ ಕೇಳುತ್ತಾರೆ, ಆದರೆ ಕೇಳುವ ಬಗೆ ಬೇರೆ. ಊರಿನ ಆಡಳಿತಾಧಿಕಾರಿ ಕೌನ್ಸಿಲ್‌ಗೆ ಅರ್ಜಿ ಸಲ್ಲಿಸಬೇಕು. ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಂತೆ ಎರಡು ವಾರ ಪ್ರಕಟಣೆ ಬರಬೇಕು. ಮೊದಲ ಪ್ರಕಟಣೆಯಾದ 30 ದಿನಗಳ ನಂತರ, 60 ದಿನಗಳ ಒಳಗೆ ಕೌನ್ಸಿಲ್ ಒಪ್ಪಬೇಕು ಅಥವಾ ತಿರಸ್ಕರಿಸಬೇಕು. ಒಪ್ಪುವಾಗ ಗಡಿ ಯಾವುದು, ಯಾವ ಯಾವ ಮನೆ-ಅಂಗಡಿ ನಂಬರುಗಳು ಅದರೊಳಗೆ ಬರುತ್ತವೆ, ಫಲಕಗಳು ಎಷ್ಟು ಮತ್ತು ಎಲ್ಲೆಲ್ಲಿ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಕಾವಲಿಗೆ ಎಷ್ಟು ಜನ, ಕಸ ಎತ್ತಲು ಎಷ್ಟು ಜನ ಎಂಬುದೆಲ್ಲವೂ ಬರವಣಿಗೆಯಲ್ಲಿ ಇರಬೇಕೆಂದು ಕಾನೂನು ಹೇಳುತ್ತದೆ. ಐವತ್ತು ಸಾವಿರ ಜನಸಂಖ್ಯೆಯವರೆಗಿನ ಊರುಗಳಲ್ಲಿ ಇಂತಹ ಪ್ರದೇಶ 320 ಎಕರೆಯನ್ನು ಮೀರುವಂತಿಲ್ಲ. ಐದು ವರ್ಷಗಳಾದ ಮೇಲೆ ಕೌನ್ಸಿಲ್ ಅದನ್ನು ಪರಿಶೀಲಿಸಿ, ಮುಂದುವರಿಸಬೇಕೋ ರದ್ದು ಮಾಡಬೇಕೋ ಎಂದು ಮತ್ತೆ ಮತ ಹಾಕಬೇಕು. ಅಷ್ಟೇ ಅಲ್ಲದೆ, ಯಾವಾಗ ಬೇಕಾದರೂ ಅದನ್ನು ಪೂರ್ತಿಯಾಗಿ ಅಥವಾ ಭಾಗಶಃ ತೆಗೆದುಹಾಕುವ ಅಧಿಕಾರ ಕೌನ್ಸಿಲ್‌ಗೆ ಇದೆ. ಈ ಕೊನೆಯ ಮಾತನ್ನು ನಾನು ಪೆನ್ಸಿಲಿನಿಂದ ಗುರುತು ಮಾಡಿಟ್ಟುಕೊಂಡೆ.

ನಕ್ಷೆಯ ಒಂದು ಪ್ರತಿ ತೆಗೆದುಕೊಂಡು ಒಂದು ಶನಿವಾರ ಬೆಳಿಗ್ಗೆ ಆ ಗೆರೆಯ ಉದ್ದಕ್ಕೂ ನಡೆದೆ. ಕಾಗದದ ಮೇಲೆ ಅದು ಕೆಂಪು ಬಣ್ಣದ ಒಂದು ಆಯತ. ನೆಲದ ಮೇಲೆ ಅದು ದಕ್ಷಿಣದ ತುದಿಯಲ್ಲಿ ಹಳೆಯ ರೈಲ್ವೆ ಡಿಪೋದಿಂದ ಆರಂಭವಾಗಿ, ಎರಡು ಬಾರುಗಳು, ಒಂದು ಪಿಜ್ಜಾ ಅಂಗಡಿ, ಒಂದು ಬ್ರೂವರಿ, ಪುಸ್ತಕದಂಗಡಿ, ಐಸ್‌ಕ್ರೀಮ್ ಅಂಗಡಿಗಳನ್ನು ದಾಟಿ, ಗ್ರಂಥಾಲಯದ ಹುಲ್ಲುಹಾಸನ್ನು ಒಳಗೆ ಸೇರಿಸಿಕೊಂಡು, ಬಸ್ ನಿಲ್ದಾಣದ ಬೆಂಚನ್ನೂ ಒಳಗೆಳೆದುಕೊಂಡು, ಚರ್ಚಿನ ಗೋಡೆಗೆ ನಾಲ್ಕು ಹೆಜ್ಜೆ ಮೊದಲು ನಿಲ್ಲುತ್ತಿತ್ತು. ಚರ್ಚನ್ನು ಬಿಟ್ಟವರು ಗ್ರಂಥಾಲಯವನ್ನು ಏಕೆ ಬಿಡಲಿಲ್ಲವೆಂದು ಕಚೇರಿಯಲ್ಲಿ ಕೇಳಿದೆ. ಬೇಸಿಗೆಯ ಸಂಗೀತ ಕಾರ್ಯಕ್ರಮಗಳು ಆ ಹುಲ್ಲುಹಾಸಿನ ಮೇಲೆಯೇ ನಡೆಯುತ್ತವೆ ಎಂಬ ಉತ್ತರ ಬಂತು. ಆ ಹುಲ್ಲುಹಾಸಿನಲ್ಲಿಯೇ ಬುಧವಾರ ಬೆಳಿಗ್ಗೆ ನಾಲ್ಕು ವರ್ಷದ ಮಕ್ಕಳಿಗೆ ಕಥೆ ಓದುತ್ತಾರೆ. ನನ್ನ ಮಗಳು ಇಂಗ್ಲಿಷ್ ಕಥೆಗಳಿಗೆ ಮೊದಲು ಕಿವಿಗೊಟ್ಟದ್ದು ಅಲ್ಲಿ.

ಈ ಪ್ರಸ್ತಾವವನ್ನು ಬೆಂಬಲಿಸುವವರ ಮಾತನ್ನು ನಾನು ಗಮನವಿಟ್ಟು ಕೇಳಿದ್ದೇನೆ, ಅದರಲ್ಲಿ ಸತ್ಯವೂ ಇದೆ. ನಮ್ಮ ಮುಖ್ಯ ಬೀದಿಯಲ್ಲಿ ಸಂಜೆ ಏಳರ ಮೇಲೆ ಬೆಳಕೇ ಕಾಣಿಸದ ಕಾಲವೊಂದಿತ್ತು. ಪುಸ್ತಕದಂಗಡಿಯ ಯಜಮಾನಿ ಮದ್ಯ ಮಾರುವವರಲ್ಲ. ಆದರೂ ಲೋಟ ಹಿಡಿದು ನಿಧಾನವಾಗಿ ನಡೆಯುವವರು ಕಿಟಕಿಯ ಮುಂದೆ ನಿಲ್ಲುತ್ತಾರೆ, ನಿಂತವರು ಒಳಗೆ ಬರುತ್ತಾರೆ, ಪಕ್ಕದ ಊರುಗಳಲ್ಲಿ ಹಾಗೆಯೇ ಆಗಿದೆ ಎಂದು ಅವರು ನನಗೆ ಹೇಳಿದರು. ಅವರ ಅಂಗಡಿ ಉಳಿಯಬೇಕೆಂದು ನಾನೂ ಬಯಸುತ್ತೇನೆ. ಕುಡಿಯುವವರನ್ನು ಕಂಡರೆ ಮುಖ ತಿರುಗಿಸುವವಳೂ ನಾನಲ್ಲ. ನನ್ನ ಆಕ್ಷೇಪ ಬೇರೆಡೆ ಇದೆ.

ಈ ಪ್ರದೇಶದೊಳಗೆ ನೀವು ನಿಮ್ಮ ಮನೆಯಿಂದ ಒಂದು ಬಿಯರ್ ಬಾಟಲಿ ತಂದು ಬೆಂಚಿನ ಮೇಲೆ ಕುಳಿತು ಕುಡಿಯುವಂತಿಲ್ಲ. ಅದು ಮೊದಲಿನಂತೆಯೇ ಅಪರಾಧ. ಪ್ರದೇಶದೊಳಗಿನ, ಪರವಾನಗಿ ಇರುವ ಅಂಗಡಿಯಿಂದ, ಅದಕ್ಕೆಂದೇ ಗೊತ್ತುಮಾಡಿದ ಲೋಟದಲ್ಲಿ ಕೊಂಡದ್ದಕ್ಕೆ ಮಾತ್ರ ವಿನಾಯಿತಿ. ಒಂದು ಬಾರಿನಲ್ಲಿ ಕೊಂಡ ಲೋಟವನ್ನು ಹಿಡಿದು ಇನ್ನೊಂದು ಬಾರಿನ ಒಳಗೆ ಹೋಗುವಂತೆಯೂ ಇಲ್ಲ. ಹಾಗಾದರೆ ಇಲ್ಲಿ ವಿನಾಯಿತಿ ಸಿಗುತ್ತಿರುವುದು ಬೀದಿಯಲ್ಲಿ ಕುಳಿತುಕೊಳ್ಳುವ ನಾಗರಿಕನಿಗಲ್ಲ, ಗಿರಾಕಿಗೆ. ಗಿರಾಕಿಯ ಮೂಲಕ ನಾಲ್ಕು ಪರವಾನಗಿದಾರರಿಗೆ. ಅವರ ಅಂಗಡಿಯ ಕೂರುವ ಜಾಗ ಹೊಸ್ತಿಲು ದಾಟಿ ಫುಟ್‌ಪಾತಿಗೆ, ಫುಟ್‌ಪಾತಿನಿಂದ ಗ್ರಂಥಾಲಯದ ಹುಲ್ಲಿಗೆ ಚಾಚಿಕೊಳ್ಳುತ್ತದೆ. ಆ ಜಾಗಕ್ಕೆ ಅವರು ಬಾಡಿಗೆ ಕೊಡುವುದಿಲ್ಲ. ಅದನ್ನು ಗುಡಿಸುವವರು, ಕಾಯುವವರು ಊರಿನ ತೆರಿಗೆಯಿಂದ ಸಂಬಳ ಪಡೆಯುವವರು. ಯಾರೋ ಒಬ್ಬರು ನಮ್ಮ ಮನೆಯ ಜಗಲಿಯಲ್ಲಿ ತಮ್ಮ ಹೋಟೆಲಿನ ಮೇಜು ಹಾಕಬೇಕೆಂದರೆ ನಾವು ಒಪ್ಪಲೂಬಹುದು; ಎಲ್ಲಿಯವರೆಗೆ, ಎಷ್ಟು ಹೊತ್ತಿನವರೆಗೆ, ಎಲೆ ತೆಗೆಯುವವರು ಯಾರು ಎಂದು ಮೊದಲು ಮಾತಾಡಿಕೊಳ್ಳುತ್ತೇವೆ. ಬೀದಿಯ ವಿಷಯದಲ್ಲಿ ಆ ಮಾತುಕತೆ ನಡೆಯಬೇಕಾದದ್ದು ಬೀದಿಯವರ ಜೊತೆಗೆ.

ಫುಟ್‌ಪಾತಿಗೂ ಮದ್ಯಕ್ಕೂ ಓಹಾಯೋದಲ್ಲಿ ಹಳೆಯ ಸಂಬಂಧವಿದೆ. 1873ರ ಡಿಸೆಂಬರ್‌ನಲ್ಲಿ ದಕ್ಷಿಣ ಓಹಾಯೋದ ಹಿಲ್ಸ್‌ಬರೋ ಎಂಬ ಊರಿನ ಹೆಂಗಸರು, ಎಲೈಜಾ ಜೇನ್ ಥಾಂಪ್ಸನ್ ಅವರ ಮುಂದಾಳತ್ವದಲ್ಲಿ, ಚರ್ಚಿನಿಂದ ಸಾಲಾಗಿ ಹೊರಟು ಒಂದೊಂದು ಸಲೂನಿನ, ಅಂದರೆ ಆಗಿನ ಮದ್ಯದಂಗಡಿಯ, ಮುಂದೆಯೂ ನಿಂತು ಪ್ರಾರ್ಥಿಸಿದರು. ಒಳಗೆ ಬಿಡದಿದ್ದಲ್ಲಿ ಚಳಿಗಾಲದ ಬೀದಿಯಲ್ಲಿಯೇ ಮೊಣಕಾಲೂರಿದರು. ಆಗ ಹೆಂಗಸರಿಗೆ ಮತದ ಹಕ್ಕಿರಲಿಲ್ಲ. ಕುಡುಕ ಗಂಡನ ಸಾಲಕ್ಕೆ ಮನೆ ಹೋಗುತ್ತಿದ್ದ ಕಾಲದಲ್ಲಿ ಅವರ ಪಾಲಿಗಿದ್ದ ಒಂದೇ ವಿಧಾನಸಭೆ ಆ ಬೀದಿ. ಆ ಚಳವಳಿ ಚಳಿಗಾಲ ಮುಗಿಯುವುದರೊಳಗೆ ಊರೂರಿಗೆ ಹಬ್ಬಿತು, ಮುಂದಿನ ವರ್ಷದ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮಹಿಳೆಯರ ರಾಷ್ಟ್ರೀಯ ಪಾನನಿರೋಧ ಸಂಘ ಹುಟ್ಟಿತು. 1893ರಲ್ಲಿ ಓಬರ್ಲಿನ್‌ನಲ್ಲಿ ಆರಂಭವಾದ ಆಂಟಿ-ಸಲೂನ್ ಲೀಗ್ 1909ರಲ್ಲಿ ನಮ್ಮಿಂದ ದೂರವಿಲ್ಲದ ವೆಸ್ಟರ್‌ವಿಲ್‌ಗೆ ಬಂದು ನೆಲೆಸಿತು. ಅಲ್ಲಿಯ ಮುದ್ರಣಾಲಯದಿಂದ ದೇಶದ ಮೂಲೆಮೂಲೆಗೆ ಹೋದ ಕರಪತ್ರಗಳು 1920ರ ರಾಷ್ಟ್ರವ್ಯಾಪಿ ಪಾನನಿಷೇಧಕ್ಕೆ ದಾರಿ ಮಾಡಿದವು. ಆ ನಿಷೇಧ 1933ರಲ್ಲಿ ಕೊನೆಗೊಂಡರೂ ವೆಸ್ಟರ್‌ವಿಲ್‌ನ ಪೇಟೆಬೀದಿಯಲ್ಲಿ ಕಾನೂನುಬದ್ಧವಾಗಿ ಬಿಯರ್ ಸಿಕ್ಕಿದ್ದು 2006ರಲ್ಲಿ, ಒಂದು ಪಿಜ್ಜಾ ಅಂಗಡಿಯಲ್ಲಿ.

ಅಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿರುವ ಆಂಟಿ-ಸಲೂನ್ ಲೀಗಿನ ವಸ್ತುಸಂಗ್ರಹಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ತಂದೆ ಕುಡಿತದಲ್ಲಿ ಮುಳುಗಿದರೆ ಮಕ್ಕಳ ತಟ್ಟೆ ಬರಿದಾಗುವುದೆಂದು ತಿಳಿಸುವ ಹಳೆಯ ಭಿತ್ತಿಪತ್ರಗಳನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಜಿಲ್ಲೆಯ ಗೋಡೆಬರಹಗಳು. ಪೂರ್ತಿ ನಿಷೇಧ ಎರಡೂ ಕಡೆ ನಿಲ್ಲಲಿಲ್ಲ, ಅದು ನಿಲ್ಲುವಂಥದ್ದೂ ಅಲ್ಲವೆಂದು ನನಗೆ ಅನ್ನಿಸುತ್ತದೆ. ಆದರೆ ಬೀದಿಯ ಮೇಲೆ ಏನು ನಡೆಯಬೇಕೆಂಬುದರಲ್ಲಿ ತಮ್ಮ ಮಾತೂ ನಡೆಯಬೇಕೆಂದು ಮೊಣಕಾಲೂರಿದ ಆ ಹೆಂಗಸರೂ ಹವಾಯಿ ಚಪ್ಪಲಿಯಲ್ಲಿ ನಡೆದ ಈ ಹೆಂಗಸರೂ ಕೇಳಿದ್ದು ಇಂದಿಗೂ ಸರಿಯಾಗಿಯೇ ಇದೆ.

ಅಹವಾಲು ಸಭೆಯ ದಿನ ಕೌನ್ಸಿಲ್ ಸಭಾಂಗಣ ತುಂಬಿತ್ತು. ಮಾತಾಡುವವರಿಗೆ ತಲಾ ಮೂರು ನಿಮಿಷ. ಎದುರಿನ ಮೇಜಿನ ಮೇಲೆ ಮಾದರಿ ಲೋಟವೊಂದನ್ನು ಇಟ್ಟಿದ್ದರು: ಪಾರದರ್ಶಕ ಪ್ಲಾಸ್ಟಿಕ್, ಅದರ ಮೇಲೆ ನೀಲಿ ಬಣ್ಣದಲ್ಲಿ ಡಿಪೋದ ಚಿತ್ರ, ಕೆಳಗೆ ಕೊಂಡ ಅಂಗಡಿಯ ಹೆಸರು ಬರೆಯಲು ಒಂದು ಬಿಳಿ ಪಟ್ಟಿ. ಬೀದಿಯಲ್ಲಿ ಒಡೆದ ಗಾಜು ಬೀಳದಿರಲೆಂದು ಗಾಜಿನ ಲೋಟಕ್ಕೆ ಅನುಮತಿಯಿಲ್ಲ. ಬ್ರೂವರಿಯ ಯುವಕ ಮಾತಾಡಿದ, ಪುಸ್ತಕದಂಗಡಿಯವರು ಮಾತಾಡಿದರು, ಪೊಲೀಸ್ ಅಧಿಕಾರಿಯೊಬ್ಬರು ಪಕ್ಕದ ಊರುಗಳಲ್ಲಿ ದೊಡ್ಡ ತೊಂದರೆಯೇನೂ ವರದಿಯಾಗಿಲ್ಲವೆಂದು ತಿಳಿಸಿದರು.

ಆಮೇಲೆ ಅರವತ್ತರ ಆಸುಪಾಸಿನ ಒಬ್ಬರು ಎದ್ದರು. ಕುಡಿತ ಬಿಟ್ಟು ಒಂಬತ್ತು ವರ್ಷವಾಗಿದೆ ಎಂದರು. ಕೆಲಸ ಮುಗಿಸಿ ಪ್ರತಿ ಸಂಜೆ ಗ್ರಂಥಾಲಯದ ಮುಂದಿನ ನಿಲ್ದಾಣದಲ್ಲಿ ಬಸ್ಸು ಹತ್ತುತ್ತಾರೆ. “ಬಾರಿನ ಬಾಗಿಲು ದಾಟದಿರಲು ನಾನು ಕಲಿತಿದ್ದೇನೆ, ಏಕೆಂದರೆ ಬಾಗಿಲು ಎಲ್ಲಿದೆಯೆಂದು ನನಗೆ ಗೊತ್ತು. ನೀವು ಈಗ ಬಾಗಿಲನ್ನು ತೆಗೆದು ನನ್ನ ಬೆಂಚಿನ ಪಕ್ಕಕ್ಕೆ ಇಡುತ್ತಿದ್ದೀರಿ” ಎಂಬ ಅರ್ಥದ ಮಾತನ್ನು ಹೇಳಿ, ಮೂರು ನಿಮಿಷದಲ್ಲಿ ಒಂದೂವರೆ ನಿಮಿಷವನ್ನೂ ಬಳಸದೆ, ಕುಳಿತರು. ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಯಾರೂ ಕೆಮ್ಮಲಿಲ್ಲ. ನಾನು ಬರೆದುಕೊಂಡು ಹೋಗಿದ್ದ ಕಾಗದದಲ್ಲಿ ಬಸ್ ನಿಲ್ದಾಣದ ಮಾತು ಅರ್ಧ ಸಾಲಿನಷ್ಟಿತ್ತು, ಅಷ್ಟೇ. ಅವರು ಹೇಳಿದ ಮೇಲೆ ಅದನ್ನೇ ಮೊದಲು ಇಟ್ಟುಕೊಂಡೆ.

ನನ್ನ ಸರದಿ ಬಂದಾಗ ಮೂರು ಬೇಡಿಕೆಗಳನ್ನು ಮುಂದಿಟ್ಟೆ. ಬಸ್ ನಿಲ್ದಾಣ ಮತ್ತು ಗ್ರಂಥಾಲಯದ ಭಾಗವನ್ನು ಗೆರೆಯಿಂದ ಹೊರಗಿಡಬೇಕು. ಕಸ ಎತ್ತುವ ಮತ್ತು ಕಾವಲಿನ ಹೆಚ್ಚುವರಿ ವೆಚ್ಚವನ್ನು ಲೋಟ ಮಾರುವವರಿಂದಲೇ, ಲೋಟಕ್ಕೆ ಇಷ್ಟೆಂದು, ವಸೂಲು ಮಾಡಬೇಕು. ಕಾನೂನು ಐದು ವರ್ಷವೆಂದರೂ ನಮ್ಮ ಕೌನ್ಸಿಲ್ ಒಂದೇ ವರ್ಷದಲ್ಲಿ, ಇದೇ ರೀತಿ ಊರಿನವರನ್ನು ಕರೆದು, ಪುನಃ ಮತ ಹಾಕಬೇಕು. ನನ್ನ ಇಂಗ್ಲಿಷ್ ಅಂದು ಸ್ವಲ್ಪ ತಡವರಿಸಿತು, ಆದರೆ ನಕ್ಷೆಯನ್ನು ಎತ್ತಿ ಹಿಡಿದು ಬೆಂಚಿನಿಂದ ಹತ್ತಿರದ ಬಾರಿನವರೆಗೆ ಅರವತ್ತು ಹೆಜ್ಜೆಗಳೆಂದು ತೋರಿಸಿದಾಗ ಕೌನ್ಸಿಲ್‌ನ ಇಬ್ಬರು ಮುಂದಕ್ಕೆ ಬಾಗಿ ನೋಡಿದರು.

ಎರಡು ವಾರಗಳ ನಂತರ ಮತದಾನ ನಡೆಯಿತು. ಗ್ರಂಥಾಲಯದ ಹುಲ್ಲುಹಾಸನ್ನು ಕೈಬಿಡುವ ತಿದ್ದುಪಡಿಗೆ ಎಲ್ಲರೂ ಒಪ್ಪಿದರು. ರಾತ್ರಿ ಹನ್ನೊಂದರವರೆಗೆಂದು ಇದ್ದದ್ದನ್ನು ಒಂಬತ್ತಕ್ಕೆ ಇಳಿಸಿದರು. ಒಂದು ವರ್ಷದ ಪರಿಶೀಲನೆಯನ್ನು ಸೇರಿಸಿದರು. ವೆಚ್ಚದ ಪ್ರಶ್ನೆಯನ್ನು ಆ ಪರಿಶೀಲನೆಯವರೆಗೆ ಮುಂದೂಡಿದರು. ಇದು ನನಗೆ ಸರಿ ಕಾಣಲಿಲ್ಲ, ಏಕೆಂದರೆ ಒಮ್ಮೆ ಉಚಿತವಾಗಿ ಕೊಟ್ಟದ್ದಕ್ಕೆ ಆಮೇಲೆ ಬೆಲೆ ಕಟ್ಟುವುದು ಸುಲಭವಲ್ಲ. ಬಸ್ ನಿಲ್ದಾಣ ಮಾತ್ರ ಗೆರೆಯೊಳಗೇ ಉಳಿಯಿತು. ಗೆರೆ ರಸ್ತೆಯ ಮೂಲೆಯಲ್ಲಿ ಮುಗಿದರೆ ಫಲಕ ಹಾಕಲು ಕಂಬ ಸಿಗುತ್ತದೆ, ನಡುವೆ ಮುಗಿದರೆ ಸಿಗುವುದಿಲ್ಲ ಎಂಬ ಕಾರಣವನ್ನು ಕೊಟ್ಟರು. ಐದು ಮತಗಳು ಪರ, ಎರಡು ವಿರುದ್ಧ. ನಿರ್ಣಯ ಅಂಗೀಕಾರವಾಯಿತು.

ಆರಂಭದ ಶುಕ್ರವಾರ ಸಂಜೆ ನಾನು ಅಲ್ಲಿಗೆ ಹೋದೆ. ಬೀದಿಯಲ್ಲಿ ಜನರಿದ್ದರು, ನಗುವಿತ್ತು, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ದಂಪತಿ ಒಂದೊಂದು ನೀಲಿ ಚಿತ್ರದ ಲೋಟ ಹಿಡಿದು ಪುಸ್ತಕದಂಗಡಿಯ ಕಿಟಕಿಯ ಮುಂದೆ ನಿಂತಿದ್ದರು. ಯಾರೂ ಗಲಾಟೆ ಮಾಡಲಿಲ್ಲ. ಬಸ್ ನಿಲ್ದಾಣದ ಆಚೆಗಿನ ಕಂಬಕ್ಕೆ, ಇದರಿಂದಾಚೆಗೆ ಮದ್ಯ ಒಯ್ಯುವಂತಿಲ್ಲ ಎಂಬ ಹೊಸ ಫಲಕವನ್ನು ಬಿಗಿದಿದ್ದರು. ಅದರ ಕೆಳಗಿನ ಕಸದ ಡಬ್ಬಿ ಎಂಟು ಗಂಟೆಯ ಹೊತ್ತಿಗೇ ತುಂಬಿ, ಆರೇಳು ಲೋಟಗಳು ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದವು. ಒಂದರ ತಳದಲ್ಲಿ ಒಂದು ಗುಟುಕಿನಷ್ಟು ಬಿಯರ್ ಉಳಿದಿತ್ತು. ಅದನ್ನು ಗಟಾರಕ್ಕೆ ಚೆಲ್ಲಿ, ಲೋಟಗಳನ್ನು ಒಂದರೊಳಗೊಂದು ಸೇರಿಸಿ ಮುಂದಿನ ಡಬ್ಬಿಗೆ ಹಾಕಿ ಬಂದೆ.

ಭಾನುವಾರ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಮತಗಳ ಲೆಕ್ಕ ಕೇಳಲಿಲ್ಲ.

“ಆ ಮನುಷ್ಯ ಈಗ ಬಸ್ಸಿಗೆ ಎಲ್ಲಿ ನಿಂತ್ಕಂತಾನೆ?” ಎಂದಳು.

ನಾನು ವಿಚಾರಿಸಿದ್ದೆ. ಅವರು ಈಗ ಉತ್ತರಕ್ಕಿರುವ ಮುಂದಿನ ನಿಲ್ದಾಣದವರೆಗೆ ನಡೆದುಹೋಗುತ್ತಾರೆ. ಅಲ್ಲಿ ಬೆಂಚೂ ಇಲ್ಲ, ಸೂರೂ ಇಲ್ಲ. ಇನ್ನೆರಡು ತಿಂಗಳಲ್ಲಿ ಹಿಮ ಬೀಳತೊಡಗುತ್ತದೆ. ಪ್ರದೇಶದ ಒಂದು ಭಾಗವನ್ನು ಯಾವಾಗ ಬೇಕಾದರೂ ತೆಗೆದುಹಾಕುವ ಅಧಿಕಾರ ಕೌನ್ಸಿಲ್‌ಗೆ ಇರುವುದರಿಂದ, ಗೆರೆಯನ್ನು ಅರವತ್ತು ಹೆಜ್ಜೆ ದಕ್ಷಿಣಕ್ಕೆ ಸರಿಸಬೇಕೆಂದೂ ಫಲಕಕ್ಕೆ ಬೇಕಾದ ಕಂಬವನ್ನು ಅಲ್ಲಿಯೇ ಹೊಸದಾಗಿ ನೆಡಬಹುದೆಂದೂ ಒಂದು ಮನವಿ ಬರೆದು, ನಮ್ಮ ಬೀದಿಯ ಹದಿನಾಲ್ಕು ಮನೆಯವರ ಸಹಿ ಹಾಕಿಸಿದ್ದೇನೆ. ಪುಸ್ತಕದಂಗಡಿಯ ಯಜಮಾನಿಯೂ ಸಹಿ ಹಾಕಿದ್ದಾರೆ. ಮುಂದಿನ ಸಭೆ ಸೋಮವಾರ ಸಂಜೆ ಏಳಕ್ಕೆ. ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದು, ಕುಡಿತ ಬಿಟ್ಟ ಆ ಹಿರಿಯರದು ಮೊದಲನೆಯದು.